ಸಿಂಕಿನಡಿಯ ಕ್ರಷರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ: ಅನುಭವ ಇದ್ದವರು ಹೇಳಿ

ಕುಂಬಳೆಯಿಂದ ಪ್ರಶ್ನೆ: ಅಡುಗೆಮನೆಯ ಸಿಂಕಿನ ಕೆಳಗೆ ಕಸ ಅರೆಯುವ ಕ್ರಷರ್ ಇದೆ. ದುಬೈಯಲ್ಲಿರುವ ತಮ್ಮ ಹಾಕಿಸಿಕೊಟ್ಟದ್ದು. ಮೊನ್ನೆ ಹಲಸಿನಹಣ್ಣು ಬಿಡಿಸಿದ ಮೇಲೆ ಗುಂಯ್ ಅಂತ ಶಬ್ದ ಮಾತ್ರ ಬರುತ್ತಿತ್ತು, ಈಗ ಅದೂ ಇಲ್ಲ. ರಿಪೇರಿಯವರು ಮೋಟರ್ ಹೋಗಿದೆ, ಹೊಸದೇ ತನ್ನಿ ಅಂದರು. ಹೌದಾ?

ಬದಿಯಡ್ಕದಿಂದ: ಅಕ್ಕಾ, ಈಗಲೇ ಹೊಸದು ತರಬೇಡಿ. ಗುಂಯ್ ಅಂದಿದೆ ಅಂದರೆ ಮೋಟರಿಗೆ ಕರೆಂಟು ಹೋಗಿದೆ, ತಿರುಗಲಿಕ್ಕೆ ಏನೋ ಅಡ್ಡ ಸಿಕ್ಕಿದೆ. ಹಾಗಿರುವಾಗ ಸ್ವಿಚ್ ಹಾಕಿಯೇ ಇಟ್ಟರೆ ವೈಂಡಿಂಗ್ (ಮೋಟರಿನ ತಂತಿಸುರುಳಿ) ಬಿಸಿಯಾಗಿ ಸುಟ್ಟುಹೋಗುತ್ತದೆ, ಅದಕ್ಕೇ ಒಳಗಿನ ಓವರ್‌ಲೋಡ್ ಸ್ವಿಚ್ ತಾನಾಗಿ ಕರೆಂಟು ತಪ್ಪಿಸುತ್ತದೆ. ನಿಮ್ಮಲ್ಲಿ ಶಬ್ದವೂ ನಿಂತದ್ದು ಅದರಿಂದಲೇ ಇರಬೇಕು. ಮೊದಲು ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಕೆಳಗೆ ಕೂತು ಟಾರ್ಚ್ ಹಾಕಿ ಯಂತ್ರದ ತಳ ನೋಡಿ. ನಡುವಿನಲ್ಲಿ ಆರು ಮೂಲೆಯ ತೂತು ಇರುತ್ತದೆ, ಅದಕ್ಕೆ ಅಲನ್ ಕೀ ಹಾಕಿ (ಹೆಚ್ಚಿನವಕ್ಕೆ ಕಾಲು ಇಂಚಿನದು) ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಒತ್ತಿ ತಿರುಗಿಸಿ. ಮೊದಲು ಅಲುಗುವುದೇ ಇಲ್ಲ, ಸಿಕ್ಕಿದ್ದು ಬಿಟ್ಟ ಕೂಡಲೇ ಸರಾಗವಾಗಿ ಪೂರ್ತಿ ಸುತ್ತು ಬರುತ್ತದೆ. ತೂತು ಇಲ್ಲದ ಮಾದರಿಯಾದರೆ ಮೇಲಿನಿಂದ ಮರದ ಕೋಲು ಇಳಿಸಿ ತಿರುಗಿಸುವುದು. ಒಳಗೆ ಕೈ ಮಾತ್ರ ಹಾಕಬೇಡಿ, ಪ್ಲಗ್ ಕಿತ್ತಿದ್ದರೂ ಬೇಡ, ಇಕ್ಕಳದಲ್ಲೇ ತೆಗೆಯಿರಿ. ಆ ತಪ್ಪಿದ ಕರೆಂಟನ್ನು ಮತ್ತೆ ಕೊಡಲಿಕ್ಕೆ ತಳದಲ್ಲೇ ಒಂದು ಕೆಂಪು ಗುಂಡಿ ಇದೆ. ಮೋಟರ್ ತಣಿಯಲಿಕ್ಕೆ ಒಂದು 15 ನಿಮಿಷ ಬಿಟ್ಟು ಅದನ್ನು ಒತ್ತಿ, ಟಕ್ ಅಂತ ಒಳಗೆ ಕೂರಬೇಕು. ನಿಲ್ಲದಿದ್ದರೆ ಇನ್ನೂ ತಣಿದಿಲ್ಲ.

ನೀರ್ಚಾಲಿನಿಂದ: ಹಲಸು ಅಂದಾಗಲೇ ಗೊತ್ತಾಯಿತು, ಅದು ಮೇಣದ ಕೆಲಸ. ಇದರಲ್ಲಿ ಮಿಕ್ಸಿಯ ಹಾಗೆ ಬ್ಲೇಡ್ ಇಲ್ಲ. ತಿರುಗುವ ತಟ್ಟೆಯ ಮೇಲೆ ಎರಡು ಲೋಹದ ತುಂಡುಗಳಿವೆ, ಅವು ಸಡಿಲವಾಗಿ ಆಚೀಚೆ ಆಡುತ್ತಿರಬೇಕು, ಅವೇ ಕಸವನ್ನು ಸುತ್ತಲಿನ ಹಲ್ಲುಬಳೆಗೆ ತಳ್ಳುವುದು. ನಮ್ಮಲ್ಲಿ ಆ ಎರಡೂ ಮೇಣದಿಂದ ತಟ್ಟೆಗೆ ಅಂಟಿ, ಮೇಲೆ ಹಲಸಿನ ನಾರು ಸುತ್ತಿ, ಕಪ್ಪು ಗಂಟಾಗಿ ಕೂತಿದ್ದವು. ಕುದಿನೀರು ಸುರಿಯಬೇಡಿ, ಮೇಣ ಕರಗಿ ಇನ್ನೂ ಕೆಳಗಿನ ಪೈಪಿಗೆ ಇಳಿದು ಅಲ್ಲಿ ಗಟ್ಟಿಯಾಗುತ್ತದೆ. ಕತ್ತಿಯ ಮೇಣಕ್ಕೆ ಏನು ಮಾಡುತ್ತೇವೋ ಅದೇ ಇಲ್ಲಿಗೂ. ಕೋಲಿನ ತುದಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ತೆಂಗಿನೆಣ್ಣೆಯಲ್ಲಿ ಅದ್ದಿ, ಆ ತುಂಡುಗಳ ಬುಡಕ್ಕೆ ಚೆನ್ನಾಗಿ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೋಲಿನಲ್ಲಿ ತಟ್ಟಿದರೆ ಲಟಕ್ ಲಟಕ್ ಅಂತ ಆಡುತ್ತವೆ. ಗಂಟನ್ನು ಇಕ್ಕಳದಲ್ಲಿ ಎತ್ತಿ, ಪಾತ್ರೆ ತೊಳೆಯುವ ಸೋಪಿನ ನೀರು ಬಿಟ್ಟು, ಆಮೇಲೆ ಜಾಸ್ತಿ ತಣ್ಣೀರು ಹರಿಸಿ.

ಇನ್ನು ಮೇಲೆ ಹಲಸಿನ ಮೇಣ, ಬಾಳೆದಿಂಡಿನ ನಾರು, ನುಗ್ಗೆಸಿಪ್ಪೆ, ಮಾವಿನ ಗೊರಟು, ಗೆರಟೆ ಚೂರು ಯಾವುದನ್ನೂ ಅದಕ್ಕೆ ಹಾಕಬೇಡಿ. ತೆಂಗಿನ ಬುಡ ಇದೆ ಅಲ್ವಾ, ಸುಮ್ನೆ ಯಂತ್ರಕ್ಕೆ ಯಾಕೆ ಕಷ್ಟ ಕೊಡುವುದು.

ಉಪ್ಪಳದಿಂದ: ನಾನು ವೈರಿಂಗ್ ಕೆಲಸದವನು. ಕೀ ಸಲೀಸಾಗಿ ತಿರುಗಿದ ಮೇಲೂ ಗುಂಯ್ ಅಂದರೆ, ವೋಲ್ಟೇಜ್ ಇಳಿದಿದೆಯಾ ನೋಡಿ. ಬೆಳಿಗ್ಗೆ ವೋಲ್ಟೇಜ್ ಸರಿ ಇರುವಾಗಲೂ ಹಾಗೇ ಆದರೆ, ಕೆಪಾಸಿಟರ್ (ಮೋಟರ್ ತಿರುಗಲು ಶುರು ಮಾಡಿಸುವ ಭಾಗ) ಇರುವ ಮಾದರಿಯಲ್ಲಿ ಅದೇ ಹೋಗಿರುವುದು ಜಾಸ್ತಿ. ಬದಲಿಸಿದರೆ ಮುಗಿಯಿತು, ಆದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಗೊತ್ತಿದ್ದವರೇ ಮುಟ್ಟಲಿ.

ಕುಂಬಳೆಯಿಂದ: ಎಣ್ಣೆ ಹಾಕಿ ಕೀ ತಿರುಗಿಸಿದೆ, ಓಡುತ್ತಿದೆ! ತುಂಬಾ ಉಪಕಾರವಾಯಿತು. ಆದರೆ ಈಗ ಕೆಳಗೆ ಸ್ವಲ್ಪ ನೀರು ಹನಿಯುತ್ತಿದೆ.

ಬದಿಯಡ್ಕದಿಂದ: ಕೀ ಒತ್ತುವಾಗ ಯಂತ್ರ ಸಿಂಕಿಗೆ ಸೇರುವ ಮೇಲಿನ ಕುತ್ತಿಗೆ ಸಡಿಲವಾಗಿರಬಹುದು. ಪ್ಲಗ್ ಕಿತ್ತು, ಎಲ್ಲ ಒರೆಸಿ, ಕುತ್ತಿಗೆಗೊಂದು, ತಳಕ್ಕೊಂದು ಒಣಗಿದ ಕಾಗದ ಸುತ್ತಿ ನೀರು ಬಿಡಿ. ಮೇಲೆ ಒದ್ದೆಯಾದರೆ ಕುತ್ತಿಗೆಯ ಸ್ಕ್ರೂಗಳನ್ನು ಸಮವಾಗಿ ಬಿಗಿ ಮಾಡಿ. ಅದರಲ್ಲಿ ನಿಲ್ಲದಿದ್ದರೆ ಪ್ಲಂಬರ್ ಕೈಯಲ್ಲಿ ಪುಟ್ಟಿ ಹೊಸದಾಗಿ ಹಾಕಿಸಿ. ತಳದಿಂದಲೇ ಹನಿದರೆ ಒಳಗಿನ ಸೀಲ್ ಹೋಗಿದೆ, ಮೋಟರಿಗೆ ನೀರು ಇಳಿಯುತ್ತದೆ, ಆಗ ಪ್ಲಗ್ ಮತ್ತೆ ಹಾಕಲೇಬೇಡಿ. ಯಾವ ಕಾಗದ ಒದ್ದೆಯಾಯಿತು ಅಂತ ಇಲ್ಲೇ ಬರೆಯಿರಿ.