ಮೂರು ಬೀಗದ ಪೆಟ್ಟಿಗೆ ನಮ್ಮ ಸಂಘಕ್ಕೆ ಒಗ್ಗುತ್ತಾ?

ಮುಳಗುಂದದ_ಸೊಸೆ:
ಎಲ್ಲರಿಗೂ ನಮಸ್ಕಾರ. ಗದಗ ತಾಲೂಕಿನ ಹಳ್ಳಿಯಲ್ಲಿ ನಮ್ಮದೊಂದು ಸ್ತ್ರೀಶಕ್ತಿ ಸಂಘ ಇದೆ, ಹದಿನೇಳು ಮಂದಿ. ವಾರಕ್ಕೆ ನೂರು ರೂಪಾಯಿ ಕಟ್ಟುತ್ತೇವೆ. ಲೆಕ್ಕ ಎಲ್ಲ ಪ್ರತಿನಿಧಿ ಅಕ್ಕನ ಕೈಯಲ್ಲಿ. ಅವರು ಒಳ್ಳೆಯವರೇ, ಆದರೆ ಈಗ ಮೀಟಿಂಗ್ ಅಂದ್ರೆ ಅವರ ಕಟ್ಟೆಗೆ ಹೋಗಿ ದುಡ್ಡು ಕೊಟ್ಟು ಬರೋದು ಅಷ್ಟೇ. ಕೆಲವರು ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ನಡಾವಳಿ ಪುಸ್ತಕ ಆಮೇಲೆ ಸಹಿಗಾಗಿ ಮನೆಮನೆ ಸುತ್ತುತ್ತದೆ. ನನ್ನ ಹೆಸರಲ್ಲಿ ಎಷ್ಟಿದೆ ಅಂತ ಕೇಳಿದರೆ ‘ಯಾಕ, ನಂಬಿಕಿ ಇಲ್ಲೇನು?’ ಅಂತಾರೆ. ಮುಂದೆ ಹೇಗೆ ಮಾತಾಡೋದು ಹೇಳಿ.

ಮೊನ್ನೆ ಆಫ್ರಿಕಾದ ಹಳ್ಳಿಗಳ ಹೆಂಗಸರ ಉಳಿತಾಯ ಗುಂಪಿನ ವಿಡಿಯೋ ನೋಡಿದೆ. ಒಂದು ಕಬ್ಬಿಣದ ಪೆಟ್ಟಿಗೆ, ಮೂರು ಬೀಗ, ವರ್ಷಕ್ಕೊಮ್ಮೆ ಎಲ್ಲ ದುಡ್ಡು ಹಂಚಿಕೊಳ್ಳುತ್ತಾರಂತೆ. ಇದು ನಿಜವಾಗಲೂ ನಡೆಯುತ್ತಾ? ನಾವೂ ಹಾಗೆ ಹಂಚಿಕೊಂಡರೆ ಬ್ಯಾಂಕ್ ಸಾಲಕ್ಕೆ ತೊಂದರೆ ಆಗುತ್ತಾ?

ಹಳೇ_ಕಾರ್ಯಕರ್ತ (ಧಾರವಾಡ):
ನಡೆಯುತ್ತೆ ಅಕ್ಕಾ. ಉಗಾಂಡಾದಲ್ಲಿ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುವಾಗ ಇಂಥ ಗುಂಪುಗಳ ಜೊತೆ ಕೂತಿದ್ದೇನೆ. ಶುರುವಾಗಿದ್ದು 1991ರಲ್ಲಿ, ನೈಜರ್ ದೇಶದ ಮರಾಡಿ ಭಾಗದಲ್ಲಿ. ಕೇರ್ ಅನ್ನೋ ಅಂತರರಾಷ್ಟ್ರೀಯ ನೆರವು ಸಂಸ್ಥೆ ಶುರು ಮಾಡಿಸಿದ್ದು. ಕೂಡಿ ಹಣ ಹಾಕೋದು ಅವರಿಗೆ ಹೊಸದೇನಲ್ಲ, ನಮ್ಮ ಹುಬ್ಬಳ್ಳಿ ಕಡೆ ಭಿಶಿ ಹಾಕುತ್ತಾರಲ್ಲ, ಅಂಥದ್ದು ಕೀನ್ಯಾ, ಘಾನಾ, ಇಥಿಯೋಪಿಯಾ ಎಲ್ಲ ಕಡೆ ಮೊದಲಿನಿಂದ ಇದೆ. ಭಿಶಿಯಲ್ಲಿ ಸರದಿ ಬಂದವರಿಗೆ ಇಡೀ ಗಂಟು ಸಿಗುತ್ತದೆ, ಇಲ್ಲಿ ಹಣ ಪೆಟ್ಟಿಗೆಯಲ್ಲೇ ಕೂಡುತ್ತಾ ಹೋಗುತ್ತದೆ, ಬೇಕಾದವರು ಅದರಿಂದ ಸಾಲ ತೆಗೆದುಕೊಳ್ಳುತ್ತಾರೆ.

ಗುಂಪಿನಲ್ಲಿ 15ರಿಂದ 25 ಜನ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಮೂರು ಕೀಲಿಕೈ ಬೇರೆ ಮೂವರ ಹತ್ತಿರ. ಮೀಟಿಂಗ್ ಬಿಟ್ಟು ಬೇರೆ ಹೊತ್ತಲ್ಲಿ ತೆಗೆಯೋ ಹಾಗಿಲ್ಲ. ಒಂದು ಷೇರಿಗೆ ಇಷ್ಟು ಅಂತ ವರ್ಷದ ಶುರುವಲ್ಲೇ ಠರಾಯಿಸುತ್ತಾರೆ, ಒಂದು ಮೀಟಿಂಗಲ್ಲಿ ಒಂದರಿಂದ ಐದು ಷೇರು ತೆಗೆದುಕೊಳ್ಳಬಹುದು. ಕೈ ಬಿಗಿ ಇದ್ದ ವಾರ ಒಂದು, ಸಂತೆಯಲ್ಲಿ ಮಾಲು ಹೋದ ವಾರ ಐದು. ಷೇರಿಗೊಂದರಂತೆ ಪಾಸ್‌ಬುಕ್‌ನಲ್ಲಿ ಠಸ್ಸೆ ಹೊಡೆಯುತ್ತಾರೆ, ಓದು ಬಾರದವರೂ ಎಣಿಸಿಕೊಳ್ಳಬಹುದು.

ನನಗೆ ಪೆಟ್ಟಿಗೆಗಿಂತ ಜಾಸ್ತಿ ಹಿಡಿಸಿದ್ದು ಎಣಿಸುವ ರೀತಿ. ಎಲ್ಲರೂ ಅರ್ಧ ಸುತ್ತಾಗಿ ಕೂರುತ್ತಾರೆ, ನಡುವೆ ಒಂದು ಬೋಗುಣಿ. ನಂಬರ್ ಕರೆದ ಹಾಗೆ ಒಬ್ಬೊಬ್ಬರೇ ಬಂದು ಹಣ ಹಾಕಬೇಕು, ಇಬ್ಬರು ಎಣಿಸಿ ಗಟ್ಟಿಯಾಗಿ ಹೇಳಬೇಕು. ಕೊನೆಗೆ ಪೆಟ್ಟಿಗೆಯಲ್ಲಿ ಉಳಿದದ್ದು ಎಷ್ಟು ಅಂತ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಮುಂದಿನ ಸಲ ಬೀಗ ತೆಗೆಯುವ ಮೊದಲು ಆ ಅಂಕಿ ಕೇಳುತ್ತಾರೆ, ಆಮೇಲೆ ಎಣಿಸುತ್ತಾರೆ. ತಾಳೆ ಆಗಲೇಬೇಕು. ‘ನಂಬಿಕೆ ಇಲ್ಲೇನು’ ಅನ್ನೋ ಮಾತೇ ಅಲ್ಲಿ ಹುಟ್ಟೋದಿಲ್ಲ.

ನವಲಗುಂದ_ರೈತ:
ವಿಡಿಯೋದವರು ಪೂರ್ತಿ ಕಥೆ ಹೇಳೋದಿಲ್ಲ. ಅಲ್ಲಿ ಎಷ್ಟೋ ಗುಂಪುಗಳಲ್ಲಿ ಬಡ್ಡಿ ತಿಂಗಳಿಗೇ ನೂರಕ್ಕೆ ಐದು, ಹತ್ತು. ವರ್ಷದ ಕೊನೆಗೆ ಆ ಬಡ್ಡಿಯೇ ಲಾಭ ಅಂತ ಹಂಚಿಕೆ ಆಗೋದು, ಅಂದ್ರೆ ಸಾಲ ಮಾಡಿದವಳ ಜೇಬಿಂದ ಸಾಲ ಮಾಡದವಳ ಜೇಬಿಗೆ. ಘಾನಾ, ಮಲಾವಿ, ಉಗಾಂಡಾ ಮೂರೂ ಕಡೆ ಇದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ, 2017ರಲ್ಲಿ ವರದಿ ಬಂತು. ಉಳಿತಾಯ ಹೆಚ್ಚಾಯ್ತು, ಮನೆಯ ಸಣ್ಣ ವ್ಯಾಪಾರ ಸುಧಾರಿಸಿತು, ಹೆಂಗಸರ ಮಾತಿಗೆ ಮನೆಯಲ್ಲಿ ಬೆಲೆ ಬಂತು. ಆದರೆ ಮನೆಯ ಒಟ್ಟು ಖರ್ಚು-ಊಟದ ಮಟ್ಟದಲ್ಲಿ ಸರಾಸರಿ ಬದಲಾವಣೆ ಕಾಣಲಿಲ್ಲ. ಬಡತನ ಹೋಯ್ತು ಅಂತ ಕುಣಿಯೋದು ಬೇಡ.

ಹಾವೇರಿ_ರೊಟ್ಟಿ:
ಅಣ್ಣಾ, ಹೆಂಗಸರ ಮಾತಿಗೆ ಬೆಲೆ ಬಂತು ಅನ್ನೋದನ್ನ ಹಂಗೇ ದಾಟಿಸಿಬಿಟ್ರಲ್ಲ 😀

ನಮ್ಮದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುವ ಸಂಘ. ಮೊದಲು ಜೋಳ ಬೇಕಾದಾಗ ಬೇಕಾದಷ್ಟು ಅಂಗಡಿಯಿಂದ ತರುತ್ತಿದ್ದೆವು, ಉದ್ರಿ ಬೇರೆ, ಅಂಗಡಿಯವರು ಹೇಳಿದ್ದೇ ರೇಟು. ಈಗ ಸುಗ್ಗಿಯಲ್ಲಿ ಸಂಘದಿಂದ ಸಾಲ ತೆಗೆದು ರೈತರ ಕಣದಿಂದಲೇ ಚೀಲಗಟ್ಟಲೆ ಹಾಕಿಸಿಕೊಳ್ಳುತ್ತೇವೆ. ಹೊಸ ಜೋಳದ ಹಿಟ್ಟಿಗೆ ಜಿಗಿ ಇರುತ್ತದೆ, ತಟ್ಟುವಾಗ ಅಂಚು ಸೀಳೋದಿಲ್ಲ, ರೊಟ್ಟಿ ಕಮ್ಮಿ ಕೆಡುತ್ತವೆ. ನಮಗೆ ಲಾಭ ಬಂದದ್ದು ಅಲ್ಲಿಂದ. ಘಾನಾ, ಬುರ್ಕಿನಾ ಫಾಸೋ ಕಡೆ ಹೆಂಗಸರು ಶಿಯಾ ಮರದ ಬೀಜ ಆರಿಸಿ, ಬೇಯಿಸಿ, ಒಣಗಿಸಿ ಮಾರುತ್ತಾರೆ. ಅವರದ್ದೂ ಇದೇ ಪಾಡು, ಮನೆಯಲ್ಲಿ ಕಾಳು ಮುಗಿದಿರುವ ಹೊತ್ತಿಗೇ ಬೀಜ ಬೀಳೋದು, ಆವಾಗಲೇ ಮಾರಿದರೆ ಸಿಕ್ಕಷ್ಟು ರೇಟು. ಗುಂಪಲ್ಲಿ ಕೈಸಾಲ ಸಿಕ್ಕರೆ ನಾಲ್ಕು ತಿಂಗಳು ತಡೆದು ಮಾರಬಹುದು. ಸಾಲ ಯಾವಾಗ ಸಿಗುತ್ತೆ ಅನ್ನೋದೇ ಮುಖ್ಯ, ಅಲ್ವಾ.

ಬ್ಯಾಂಕಿನಿಂದ_ರಿಟೈರ್ಡ್:
ಬ್ಯಾಂಕ್ ಪ್ರಶ್ನೆಗೆ ಉತ್ತರ. ಪೂರ್ತಿ ಹಂಚಿಕೊಳ್ಳಬೇಡಿ. ಸಂಘದ ಮೂಲಧನದ ಇಷ್ಟು ಪಟ್ಟು ಅಂತ ಲೆಕ್ಕ ಹಾಕಿ ನಮ್ಮಲ್ಲಿ ಸಾಲ ಕೊಡುತ್ತಾರೆ. ಪ್ರತಿ ವರ್ಷ ಖಾತೆ ಖಾಲಿ ಮಾಡಿದರೆ ಮ್ಯಾನೇಜರ್ ಮುಂದೆ ಏನು ತೋರಿಸುತ್ತೀರಿ? 1992ರಲ್ಲಿ ನಬಾರ್ಡ್ (ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಸಂಘಗಳನ್ನು ಬ್ಯಾಂಕಿಗೆ ಜೋಡಿಸಿದಾಗಿನಿಂದ ನಮ್ಮ ದಾರಿ ಬೇರೆ. ಹತ್ತು ಲಕ್ಷದವರೆಗೆ ಒತ್ತೆ ಕೇಳುವ ಹಾಗಿಲ್ಲ, ಈ ಸೌಲಭ್ಯ ಆ ಪೆಟ್ಟಿಗೆ ಗುಂಪುಗಳಿಗೆ ಎಲ್ಲಿದೆ. ಉಳಿತಾಯ ಹಾಗೇ ಇರಲಿ, ಬಡ್ಡಿಯಿಂದ ಬಂದ ಲಾಭದಲ್ಲಿ ಒಂದು ಭಾಗ ಮಾತ್ರ ಹಂಚಿ, ಠರಾವು ಬರೆದು ಎಲ್ಲರ ಸಹಿ ಹಾಕಿಸಿ. ಪೆಟ್ಟಿಗೆಯಲ್ಲಿ ನಗದು ಇಡೋದೂ ಬೇಡ, ಹಂಚುವ ದಿನ ಹತ್ತಿರ ಬಂದಾಗ ಕಳ್ಳರ ಭಯ ಅಲ್ಲಿಯೂ ಇದ್ದದ್ದೇ.

ಹಳೇ_ಕಾರ್ಯಕರ್ತ (ಧಾರವಾಡ):
ಸರ್ ಹೇಳಿದ್ದು ಸರಿ. ಇನ್ನೊಂದು, ಅಲ್ಲಿ ಕಷ್ಟಕಾಲಕ್ಕೆ ಅಂತ ಬೇರೆ ಸಣ್ಣ ನಿಧಿ ಇರುತ್ತದೆ. ಸಾವು, ಆಸ್ಪತ್ರೆ ಅಂದ್ರೆ ಅದರಿಂದ ಕೊಡುತ್ತಾರೆ, ಷೇರಿನ ಹಣ ಮುಟ್ಟೋದಿಲ್ಲ. ಹತ್ತು ರೂಪಾಯಿಯಿಂದ ಶುರು ಮಾಡಬಹುದು.

ಮುಳಗುಂದದ_ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಪೆಟ್ಟಿಗೆ, ಬೀಗ ಬಿಟ್ಟೆವು. ಪ್ರತಿನಿಧಿ ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದೆ, ಸ್ವಲ್ಪ ಮುಖ ಊದಿಸಿಕೊಂಡರು, ಆಮೇಲೆ ‘ಎಲ್ಲಾರ ಮುಂದ ಎಣಿಸಿದ್ರ ನನಗೂ ತಲಿನೋವು ಕಮ್ಮಿ’ ಅಂದರು. ಮುಂದಿನ ಮಂಗಳವಾರದಿಂದ ಗುಡಿಯ ಪಡಸಾಲೆಯಲ್ಲಿ ಕೂಡುತ್ತೇವೆ, ಮಕ್ಕಳ ಕೈಯಲ್ಲಿ ಕಳಿಸಿದರೆ ತೆಗೆದುಕೊಳ್ಳೋದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ಬುಕ್ ಬೇಕು. ಗದಗಿನಲ್ಲಿ ಕಡಿಮೆ ರೇಟಿಗೆ ಪ್ರಿಂಟ್ ಮಾಡಿಕೊಡುವವರು ಗೊತ್ತಿದ್ದರೆ ಹೇಳಿ, ಠಸ್ಸೆ ಕೂಡ ಅಲ್ಲೇ ಸಿಕ್ಕರೆ ಇನ್ನೂ ಛಲೋ.