ಪದಚರ್ಚೆ: ಗೋಪುರ, ಶಿಖರ, ವಿಮಾನ, ‘ಸುಖನಾಸಿ’ ಸರಿಯೇ?

ಪಟ್ಟದಕಲ್ಲಿನ ವಿರೂಪಾಕ್ಷ, ಗಳಗನಾಥ ಗುಡಿಗಳ ಪಕ್ಕನೋಟದ ಚಿತ್ರವಿರುವ ಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎರಡರ ಮೇಲ್ಭಾಗಕ್ಕೂ ಬಾಣ ಎಳೆದು ‘ಗೋಪುರ’ ಎಂದು ಬರೆದಿದ್ದಾರೆ. ‘ಶಿಖರ’ ಎಂದು ತಿದ್ದಿದರೆ ಸಾಕೇ? ಗರ್ಭಗುಡಿಯ ಮುಂದಿನ ಕೋಣೆಗೆ ‘ಸುಖನಾಸಿ’ ಎಂದಿದೆ. ಇರಲೇ?

*

ಗೋಪುರ ತೆಗೆಯಿರಿ, ಅದು ಹೆಬ್ಬಾಗಿಲ ಮೇಲಿನದು. ‘ಶಿಖರ’ವನ್ನೂ ಎರಡು ಕಡೆ ಒಂದೇ ಜಾಗಕ್ಕೆ ಹಚ್ಚುವಂತಿಲ್ಲ. ಗಳಗನಾಥ ನಾಗರ ಶೈಲಿಯದು. ಗೋಡೆ ಮುಗಿದಲ್ಲಿಂದ ಒಳಬಾಗುತ್ತ ಏರುವ ಇಡೀ ಮೈ ಶಿಖರ. ಅದರ ನೆತ್ತಿಯಲ್ಲಿ ಸುತ್ತಲೂ ಏಣುಗಳಿರುವ ಕಲ್ಲು ಆಮಲಕ, ಅದರ ಮೇಲೆ ಕಳಶ. ವಿರೂಪಾಕ್ಷ ದ್ರಾವಿಡ. ಅಲ್ಲಿ ಅಧಿಷ್ಠಾನದಿಂದ (ಗೋಡೆಯ ಕೆಳಗಿನ ಪೀಠ) ಸ್ತೂಪಿವರೆಗೆ (ನೆತ್ತಿಯ ಕಳಶ) ಎಲ್ಲವೂ ಸೇರಿ ವಿಮಾನ. ಗ್ರೀವದ, ಅಂದರೆ ತಲೆಯ ಕೆಳಗಿನ ಕಿರಿದಾದ ಭಾಗದ, ಮೇಲೆ ಕವುಚಿ ಕೂತ ಚೌಕ ತಲೆಯಷ್ಟೇ ಶಿಖರ. ಬಾಣದ ತುದಿ ಕೆಳಗಿನ ತಲಗಳ (ಅಂತಸ್ತುಗಳ) ನಡುವೆ ನಿಂತರೆ ತಪ್ಪು.

*

> ‘ಸುಖನಾಸಿ’ ಎಂದಿದೆ. ಇರಲೇ?

ಖಂಡಿತ ಬೇಡ. ಸುಖಕ್ಕೂ ಇದಕ್ಕೂ ನಂಟಿಲ್ಲ. ಶುಕ ಎಂದರೆ ಗಿಳಿ, ನಾಸಿ ಮೂಗು. ಶಶಿ ‘ಸಸಿ’ಯಾದಂತೆ ಶುಕ ‘ಸುಕ’ವಾದೀತು. ತದ್ಭವದಲ್ಲಿ ಮಹಾಪ್ರಾಣ ಕಳಚಿಹೋಗುತ್ತದೆಯೇ ಹೊರತು ಹೊಸದಾಗಿ ಅಂಟಿಕೊಳ್ಳುವುದಿಲ್ಲ. ಶುಕನಾಸಿ ಅಥವಾ ಸುಕನಾಸಿ. ಮೂರನೆಯದು ಕಾಗುಣಿತದ ತಪ್ಪು, ಎಷ್ಟು ಫಲಕಗಳಲ್ಲಿದ್ದರೂ ತಪ್ಪೇ.

*

ಕಾಗುಣಿತ ಒಪ್ಪಿದೆ. ಆದರೆ ಬಾಣ ಎಲ್ಲಿಗೆ? ಶಿಖರದ ಮುಂಭಾಗದಿಂದ ಅಂತರಾಳದ (ಗರ್ಭಗುಡಿಯ ಮುಂದಿನ ಆ ಕೋಣೆ) ಮೇಲೆ ಚಾಚಿಕೊಂಡದ್ದು ಶುಕನಾಸಿ; ಪಕ್ಕದಿಂದ ನೋಡಿದರೆ ಮುಖಕ್ಕೆ ಮೂಗಿದ್ದ ಹಾಗೆ. ದೊಡ್ಡಗದ್ದವಳ್ಳಿಯ ಗುಡಿಯಲ್ಲಿ ಹೊಯ್ಸಳ ಲಾಂಛನ ನಿಂತಿರುವುದು ಅದರ ಮೇಲೆಯೇ. ನಮ್ಮಲ್ಲಿ ಕೆಳಗಿನ ಕೋಣೆಗೂ ಅದೇ ಹೆಸರು ರೂಢಿ. ಒಂದೇ ಚಿತ್ರದಲ್ಲಿ ಎರಡೂ ಕಾಣುವಾಗ ಕೋಣೆಗೆ ‘ಅಂತರಾಳ’ ಎಂದೇ ಬರೆಯಿರಿ.

*

ಅಧಿಷ್ಠಾನ, ಗ್ರೀವ, ಆಮಲಕ! ಬಸ್ಸಿಳಿದು ಬರುವ ಮಕ್ಕಳು ಓದುವ ಫಲಕವಲ್ಲವೇ? ಕೊರಳು, ನೆಲ್ಲಿ, ಗಿಳಿಮೂಗು ಎನ್ನಿ. ಆಮಲಕವೆಂದರೆ ನೆಲ್ಲಿಕಾಯಿಯೇ ತಾನೆ?

*

ಒಪ್ಪಲಾರೆ. ಇವು ಶಿಲ್ಪಿಗಳ ಕಸುಬಿನ ಮಾತು. ‘ಕೊರಳು’ ಎಂದು ಓದಿದ ಹುಡುಗ ನಾಳೆ ಬಾದಾಮಿಯಲ್ಲಿ ‘ಗ್ರೀವ’ ಕಂಡರೆ ಬೇರೆ ಭಾಗವೆಂದುಕೊಳ್ಳುತ್ತಾನೆ. ಎರವಲು ಬೇಡವೆಂದರೆ ಕಳಶವನ್ನು ಏನು ಮಾಡುತ್ತೀರಿ? ಕಂಬವೂ ತದ್ಭವವೇ.

*

ಕಂಬ, ಕಳಶ ಅಜ್ಜಿಯ ಬಾಯಲ್ಲೂ ಇವೆ. ಅಧಿಷ್ಠಾನ ಇಲ್ಲ. ಎರವಲಿಗೆ ನನ್ನ ತಕರಾರಿಲ್ಲ, ನಾಲಿಗೆಗೆ ಒಗ್ಗದ ಎರವಲಿಗೆ ಇದೆ. ದೊಡ್ಡಕ್ಷರದಲ್ಲಿ ‘ಕೊರಳು’, ಅದರಡಿ ಚಿಕ್ಕದಾಗಿ ‘ಗ್ರೀವ’ ಹಾಕಲಿ.

*

ಹಾಗೇ ಮಾಡುತ್ತೇನೆ, ಜಾಗವಿದೆ. ವಿಮಾನಕ್ಕೆ ಬಾಣ ಎಲ್ಲಿಗೆ ಇಡಲಿ?

*

ಬಾಣ ಬೇಡ. ಬುಡದಿಂದ ಸ್ತೂಪಿಯ ತುದಿವರೆಗೆ ಪಕ್ಕದಲ್ಲಿ ಉದ್ದ ಗೆರೆ ಎಳೆದು ನಡುವೆ ‘ವಿಮಾನ’ ಬರೆಯಿರಿ.