ಸುರಂಗದ ಬಾಯಲ್ಲೇ ಕರೆ ಕಟ್ ಆಗೋದು ಯಾಕೆ?

ನೇರಳೆಮಾರ್ಗ: ಬೆಂಗಳೂರು ಮೆಟ್ರೋ ಎಂ.ಜಿ. ರಸ್ತೆ ಬಿಟ್ಟು ಕಬ್ಬನ್ ಪಾರ್ಕ್‌ಗೆ ಇಳಿಯುವಂಥ ಜಾಗಗಳಲ್ಲಿ, ಅಂದರೆ ಮೇಲ್ಮಾರ್ಗ ಮುಗಿದು ಸುರಂಗ ಶುರುವಾಗುವಲ್ಲಿ, ಕರೆ ಕಟ್ ಆಗುವ ಸಾಧ್ಯತೆ ಹೆಚ್ಚು ಅಂತಾರೆ. ನಿಲ್ದಾಣಕ್ಕೊಂದು ದೊಡ್ಡ ಆಂಟೆನಾ ಇಟ್ಟು ಸುರಂಗದ ಕಡೆ ತಿರುಗಿಸಿದರೆ ಸಾಲದೇ?

ಡೆಸಿಬೆಲ್: ಸಾಲದು. ಖಾಲಿ ಸುರಂಗದಲ್ಲಿ ಅಲೆ ದೂರ ಹೋಗುತ್ತದೆ, ನಿಜ. ರೈಲು ಬಂತೋ, ಬಾಟಲಿಗೆ ಬಿರಡೆ ಹಾಕಿದ ಹಾಗೆ. ಆಚೆ ತುದಿಯ ಬೋಗಿಗಳಿಗೆ ಏನೂ ಉಳಿಯಲ್ಲ. ಅದಕ್ಕೇ ಲೀಕಿ ಕೇಬಲ್. ಹೊರಗಿನ ತಾಮ್ರದ ಹೊದಿಕೆಯಲ್ಲಿ ಸೀಳುಗಳಿರುವ ದಪ್ಪ ಕೋಆಕ್ಸಿಯಲ್ ಕೇಬಲ್ ಅದು, ಹನಿ ನೀರಾವರಿ ಪೈಪಿನ ಥರ ಉದ್ದಕ್ಕೂ ಸಿಗ್ನಲ್ ಸೋರಿಸುತ್ತದೆ. ಕಿಟಕಿಯ ಎತ್ತರಕ್ಕೆ ಕಟ್ಟಿದರೇ ಒಳ್ಳೆಯದು, ಲೋಹದ ಬೋಗಿಯೊಳಗೆ ಅಲೆ ನುಗ್ಗುವುದು ಮುಖ್ಯವಾಗಿ ಗಾಜಿನ ಮೂಲಕ. ಇಲ್ಲೊಂದು ತೊಡಕಿದೆ: 1⅝ ಇಂಚಿನ ಕೇಬಲ್‌ನಲ್ಲಿ ಸಿಗ್ನಲ್ ನಷ್ಟ ಕಡಿಮೆ, ಆದರೆ ಸುಮಾರು 2.7 ಗಿಗಾಹರ್ಟ್ಸ್ ದಾಟಿದರೆ ಅದು ಕೈಕೊಡುತ್ತದೆ. 3.5 ಗಿಗಾಹರ್ಟ್ಸ್‌ನ 5ಜಿ ಬೇಕಿದ್ದರೆ 1¼ ಇಂಚಿನದು ಹಾಕಬೇಕು. ಅದರಲ್ಲಿ ನಷ್ಟ ಜಾಸ್ತಿ, ಹಾಗಾಗಿ ನಡುನಡುವೆ ಹೆಚ್ಚು ಕಡೆ ಸಿಗ್ನಲ್ ತುಂಬಬೇಕು.

ಕೊನೆಬೋಗಿ: ಕೇಬಲ್ ಇದ್ದೂ ಬಾಯಲ್ಲೇ ಕಟ್ ಆದರೆ?

ಡೆಸಿಬೆಲ್: ಅದು ಹ್ಯಾಂಡೋವರ್ ಸಮಸ್ಯೆ, ಅಂದರೆ ಕರೆ ಒಂದು ಸೆಲ್ಲಿನಿಂದ (ಒಂದು ಆಂಟೆನಾದ ವ್ಯಾಪ್ತಿಯಿಂದ) ಇನ್ನೊಂದಕ್ಕೆ ದಾಟುವಾಗಿನ ತೊಂದರೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಫೋನು ಹೊಸ ಸೆಲ್ಲನ್ನು ಅಳೆದು, ವರದಿ ಕಳಿಸಿ, ದಾಟಿಕೊಳ್ಳಲು ಒಂದೆರಡು ಸೆಕೆಂಡು ಬೇಕೆಂದರೂ, ಎರಡೂ ಸಿಗ್ನಲ್ ಒಟ್ಟಿಗೆ ಸಿಗುವ ಜಾಗ 50 ಮೀಟರಾದರೂ ಇರಬೇಕು. ಸುರಂಗದ ಸೆಲ್ಲನ್ನೇ ಆಂಟೆನಾ ಇಟ್ಟು ಇಳಿಜಾರಿನ ಮೇಲಕ್ಕೆ ಚಾಚುವುದು ಪರಿಹಾರ. ಆದರೆ ಟ್ರ್ಯಾಕಿಂಗ್ ಏರಿಯಾದ (ಫೋನು ಎಲ್ಲಿದೆಯೆಂದು ನೆಟ್‌ವರ್ಕ್ ಲೆಕ್ಕವಿಡುವ ವಲಯದ) ಗಡಿಯನ್ನೂ ಅಲ್ಲೇ ಎಳೆದರೆ ಮುಗೀತು ಕಥೆ, ರೈಲಿನಲ್ಲಿರುವ ಜೇಬಿನ ಫೋನುಗಳೂ ಒಂದೇ ಉಸಿರಿಗೆ ನೋಂದಣಿಗೆ ಮುಗಿಬೀಳುತ್ತವೆ.

ಹಳಿಗಾವಲು: ಇಷ್ಟೆಲ್ಲ ಯಾಕೆ ಸ್ವಾಮಿ? 2012ರ ನವೆಂಬರ್‌ನಲ್ಲಿ ಚೀನಾದ ಶೆನ್‌ಜೆನ್ ಮೆಟ್ರೋದಲ್ಲಿ ಪ್ರಯಾಣಿಕರ ಸಾಧನಗಳಿಂದಲೇ ರೈಲುಗಳು ನಿಂತಿದ್ದವು.

ಡೆಸಿಬೆಲ್: ನಿಂತಿದ್ದು ಹೌದು, ಕಾರಣ ಕರೆಗಳಲ್ಲ. ಜನ ಹಿಡಿದಿದ್ದ 3ಜಿ ವೈಫೈ ಹಾಟ್‌ಸ್ಪಾಟ್‌ಗಳು. ಅಲ್ಲಿನ ರೈಲು ಸಿಗ್ನಲಿಂಗೂ ಅದೇ ಪರವಾನಗಿ ಬೇಡದ 2.4 ಗಿಗಾಹರ್ಟ್ಸ್‌ನಲ್ಲಿತ್ತು. ತಪ್ಪು ಪ್ರಯಾಣಿಕರದಲ್ಲ, ಸಂತೆಯಂಥ ಬ್ಯಾಂಡಿನಲ್ಲಿ ಸಿಗ್ನಲಿಂಗ್ ಇಟ್ಟವರದು.

ಕೊನೆಬೋಗಿ: ವಿಕಿರಣ? ಪೇಸ್‌ಮೇಕರ್ ಇರುವವರು?

ತಂತಿವಾದ್ಯ: ಸಿಗ್ನಲ್ ಚೆನ್ನಾಗಿದ್ದಷ್ಟೂ ಫೋನು ಮೆಲ್ಲಗೆ ಮಾತಾಡುತ್ತದೆ. 4ಜಿ ಫೋನಿನ ಗರಿಷ್ಠ ಶಕ್ತಿ 200 ಮಿಲಿವ್ಯಾಟ್. ಕೇಬಲ್ ಪಕ್ಕದಲ್ಲೇ ಇದ್ದರೆ ಅದರ ಅಲ್ಪ ಭಾಗ ಸಾಕು. ಜಪಾನಿನಲ್ಲಿ ಪೇಸ್‌ಮೇಕರ್‌ನಿಂದ ಫೋನು ಇರಬೇಕಾದ ಅಂತರ 22 ಸೆಂ.ಮೀ. ಇದ್ದದ್ದನ್ನು, 2ಜಿ ನಿಂತ ಮೇಲೆ, 2013ರಲ್ಲಿ 15ಕ್ಕೆ ಇಳಿಸಿದರು. ಅಂದಹಾಗೆ ಟೋಕಿಯೊ ಸುರಂಗಗಳಲ್ಲಿ ನೆಟ್‌ವರ್ಕ್ ಇದೆ, ಆದರೂ ಬೋಗಿಯಲ್ಲಿ ಕರೆ ಮಾಡುವುದು ಅಸಭ್ಯ ಅನ್ನುತ್ತಾರೆ. ನಮಗೂ ಬೇಕಾದ್ದು ಆ ಶಿಸ್ತೇ, ಗದ್ದಲದ ಸುರಂಗದಲ್ಲಿ ಎಲ್ಲರ ದನಿಯೂ ತಾನಾಗಿ ಏರುತ್ತದೆ.

ನೇರಳೆಮಾರ್ಗ: ಮಾತಾಡುವುದು ಬಿಡಿ, ಸಿಗ್ನಲ್ ಸರಿಹೋಗುವವರೆಗೆ ನಾವು ಮಾಡಬಹುದಾದ್ದು?

ತಂತಿವಾದ್ಯ: ಕ್ಯೂಆರ್ ಟಿಕೆಟನ್ನು ಮೇಲೆ ಇರುವಾಗಲೇ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಖ್ಯ ಕರೆಯಿದ್ದರೆ ಇಳಿಜಾರು ದಾಟಿದ ಮೇಲೆ ಮಾಡಿ. ವಾಟ್ಸ್‌ಆಪ್ ಕರೆ ಎರಡು ಸೆಕೆಂಡಿನ ಖಾಲಿಜಾಗ ತಾಳಿಕೊಂಡು ಮತ್ತೆ ಜೋಡಿಸಿಕೊಳ್ಳುತ್ತದೆ. ಹೊರಬಂದ ಮೇಲೂ ‘ನೋ ಸರ್ವಿಸ್’ ತೋರಿಸುತ್ತಿದ್ದರೆ ಏರೋಪ್ಲೇನ್ ಮೋಡ್ ಹತ್ತು ಸೆಕೆಂಡು ಹಾಕಿ ತೆಗೆಯಿರಿ, ರೀಸ್ಟಾರ್ಟ್ ಬೇಡ.

ಹಳಿಗಾವಲು: ಹಾಟ್‌ಸ್ಪಾಟ್ ಮಾತ್ರ ಆಫ್ ಇಡಿ. ಸಿಗ್ನಲಿಂಗ್‌ಗಾಗಿ ಅಲ್ಲ ಅಂತ ಒಪ್ಪಿದೆ, ಬ್ಯಾಟರಿಗಾಗಿ.